ಪರವಾನಗಿ ಇತ್ತು

ನಮ್ಮ ಶಾಲೆಯ ಕಾಂಪೌಂಡಿನ ಈಶಾನ್ಯ ಮೂಲೆಯಲ್ಲಿ ಹದಿನಾಲ್ಕು ಅಡಿ ಗೋಡೆ ಇಲ್ಲ. ಕಟ್ಟದೆ ಬಿಟ್ಟದ್ದಲ್ಲ, ಇದ್ದ ಗೋಡೆಯನ್ನು 2022ರ ನವೆಂಬರಿನಲ್ಲಿ ಕೆಡವಿದರು. ಹದಿನೈದು ದಿನದಲ್ಲಿ ಮತ್ತೆ ಕಟ್ಟಿಕೊಡುತ್ತೇವೆಂದು ಬರೆದುಕೊಟ್ಟ ಕಾಗದ ನನ್ನ ಕಪಾಟಿನಲ್ಲಿ ಭದ್ರವಾಗಿದೆ. ಆಮೇಲೆ ಮೂರು ಮಳೆಗಾಲ ಬಂದು ಹೋದವು. ಈಗ ಆ ಸಂದಿಯಿಂದ ಆಡುಗಳು ಬರುತ್ತವೆ, ಬಿಸಿಯೂಟದ ಹೊತ್ತಿಗೆ ನಾಯಿಗಳು ಬರುತ್ತವೆ, ಕತ್ತಲಾದ ಮೇಲೆ ಇಸ್ಪೀಟಿನವರು ಬರುತ್ತಾರೆ. ಊರಿಗೆ ಹೊಸಬರು ಬಂದಾಗ "ಯಾಕ್ರೀ ಅಕ್ಕೋರ, ಗ್ವಾಡಿ ಬಿದ್ದೈತಿ?" ಎಂದು ಕೇಳುವುದುಂಟು. "ಬಿದ್ದದ್ದಲ್ಲ, ಗಾಳಿಯಂತ್ರದ ರೆಕ್ಕೆ ಹೊರಳಲಿ ಅಂತ ಕೆಡವಿದ್ದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನೂ ಮೊದಮೊದಲು ನಗುತ್ತಿದ್ದೆ.

ಗೋಡೆಯ ವಿಷಯ ಬರೆಯಲು ಕುಳಿತದ್ದಲ್ಲ. ಗೋಡೆ ಹೋದರೆ ಹೋಯಿತು, ಇಟ್ಟಿಗೆ ಸಿಮೆಂಟು ಎಲ್ಲಿಯಾದರೂ ಸಿಕ್ಕೀತು. ಅದೇ ಮೂಲೆಯಲ್ಲಿ ಒಂದು ಕೈ ಹೋಯಿತು. ಯಾರ ತಪ್ಪು ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕಿದ ಉತ್ತರ ಒಂದೇ: "ಪರವಾನಗಿ ಇತ್ತು." ಈ ಎರಡು ಪದಗಳ ಮೇಲೆ ನನಗೆ ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ಓದುಗರು ಕ್ಷಮಿಸಬೇಕು, ನಾನು ಬಿ.ಎ., ಬಿ.ಎಡ್. ಮಾಡಿದವಳು, ಸಮಾಜ ವಿಜ್ಞಾನ ಕಲಿಸುವವಳು, ಇಂಜಿನಿಯರಳಲ್ಲ. ಆದರೆ ಕೂಡಿಸುವ, ಕಳೆಯುವ ಲೆಕ್ಕ ಬರುತ್ತದೆ. ಇಲ್ಲಿ ಬೇಕಾಗಿದ್ದದ್ದೂ ಅಷ್ಟೇ.

ಭಾರಿ ಗಾತ್ರದ ವಸ್ತು ರಸ್ತೆಯ ಮೇಲೆ ಹೋಗುವುದನ್ನು ಕಂಡರೆ ನನಗೆ ಹುಟ್ಟಾ ಹಗೆ ಏನಿಲ್ಲ. ನನ್ನ ತವರು ಕಾರ್ಕಳದ ಕಡೆ. ಧರ್ಮಸ್ಥಳದ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರು ಕಡೆದದ್ದು ಕಾರ್ಕಳದಲ್ಲಿ. ಮೂವತ್ತೊಂಬತ್ತು ಅಡಿಯ ಆ ಏಕಶಿಲೆ ಧರ್ಮಸ್ಥಳಕ್ಕೆ ಹೊರಟದ್ದು 1973ರಲ್ಲಿ. ನನಗಾಗ ಐದು ವರ್ಷ. ಅಜ್ಜ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು ನನಗೆ ಕನಸಿನಂತೆ ನೆನಪಿದೆ: ಎಣಿಸಲಾಗದಷ್ಟು ಚಕ್ರ, ಅದರ ಮೇಲೆ ಮಲಗಿದ ದೇವರು, ಮುಂದೆ ತೆಂಗಿನಕಾಯಿ ಒಡೆಯುವ ಜನ. ಮಲಗಿದವನು ಅಷ್ಟು ಎತ್ತರ ಇದ್ದರೆ ನಿಂತರೆ ಎಷ್ಟು ಎಂದು ನಾನು ಕೇಳಿದೆನಂತೆ. ಅಜ್ಜ ದೇವರಿಗಿಂತ ಹೆಚ್ಚಾಗಿ ವರ್ಣಿಸುತ್ತಿದ್ದದ್ದು ಮುಂದೆ ನಡೆದು ಹೋಗುತ್ತಿದ್ದವರನ್ನು. "ಗಾಡಿಗಿಂತ ಮೊದಲು ಮನುಷ್ಯ ನಡೆದ ಮಗಾ, ಒಂದೊಂದು ಮೋರಿಯ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು ನೋಡಿದ" ಎನ್ನುತ್ತಿದ್ದರು. ಕಾರ್ಕಳದ ಬೆಟ್ಟದ ಮೇಲಿನ ಗೊಮ್ಮಟನಂತೂ 1432ರಷ್ಟು ಹಳಬ. ಆಗ ಯಾವ ಇಲಾಖೆಯ ಯಾವ ಷರಾ ಇತ್ತೋ ಕಾಣೆ. ಅಂತೂ ನಮ್ಮ ನಾಡಿಗೆ ಭಾರ ಸಾಗಿಸುವ ವಿದ್ಯೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಯಜಮಾನರು ಬ್ಯಾಂಕಿನವರು. ಅವರ ವರ್ಗದ ಬೆನ್ನು ಹತ್ತಿ ಗದಗ ಜಿಲ್ಲೆಗೆ ಬಂದ ನಾನು ಇಲ್ಲಿಯ ಅನುದಾನಿತ ಪ್ರೌಢಶಾಲೆಯಲ್ಲಿ ನೆಲೆ ನಿಂತೆ. ಮೂವತ್ತು ವರ್ಷದಲ್ಲಿ 'ಟೀಚರ್' ಹೋಗಿ 'ಅಕ್ಕೋರು' ಆದೆ. ಕರಾವಳಿಯ ಮಳೆ ಬಿಟ್ಟು ಬಂದವಳಿಗೆ ಇಲ್ಲಿಯ ಗಾಳಿ ಮೊದಲು ಹಿಂಸೆಯಾಗಿತ್ತು; ಆಷಾಢದಲ್ಲಿ ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ ಸಿಗುತ್ತಿತ್ತು. ಆ ಗಾಳಿಗೇ ಈಗ ಬೆಲೆ. ಕಪ್ಪತಗುಡ್ಡದ ಸುತ್ತಿನ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಎದ್ದು ಬಹಳ ಕಾಲವಾಯಿತು. ಆದರೆ ಈಚಿನ ಯಂತ್ರಗಳು ಹಳೆಯವುಗಳ ಅಪ್ಪಂದಿರು. ರೆಕ್ಕೆ ಒಂದೊಂದೂ ಎಪ್ಪತ್ತು ಮೀಟರಿನ ಆಸುಪಾಸು. ಮೊದಲ ರೆಕ್ಕೆ ಬಂದು ಊರ ಹೊರಗೆ ನಿಂತಾಗ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ಹೆಜ್ಜೆ ಹಾಕಿ ಅಳೆಸಿದೆ. ನಮ್ಮ ಶಾಲೆಯ ಹತ್ತು ಕೋಣೆಗಳ ಸಾಲಿಗಿಂತ ಅದು ಉದ್ದ ಎಂದು ಗೊತ್ತಾದಾಗ ಮಕ್ಕಳು ಹೋ ಎಂದು ಕೂಗಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ.

ಇಂಥ ಸರಕಿಗೆ ಆ ಧಂಧೆಯವರು 'ಓಡಿಸಿ' ಎನ್ನುತ್ತಾರೆ. ಮುಂದೆ ಎಳೆಯುವ ಗಾಡಿ 'ಪುಲ್ಲರ್'. ಹಿಂದಿನದು 'ಆಕ್ಸಲ್', ಸಾಲು ಸಾಲು ಚಕ್ರದ ಹೈಡ್ರಾಲಿಕ್ ಹಾಸು. ಕಾನೂನಿನ ಪ್ರಕಾರ ಸಾಮಾನ್ಯ ಲಾರಿ 2.6 ಮೀಟರಿಗಿಂತ ಅಗಲ ಇರಬಾರದು, 4 ಮೀಟರಿಗಿಂತ ಎತ್ತರ ಇರಬಾರದು. ಒಂದು ಆಕ್ಸಲ್ಲಿನ ಮೇಲೆ ಇಷ್ಟೇ ಭಾರ ಎಂಬ ಮಿತಿಯೂ ಇದೆ. ನಾಲ್ಕು ಗಾಲಿಯ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದನ್ನು 2018ರಲ್ಲಿ 11.5ಕ್ಕೆ ಏರಿಸಿದರು. ಮಿತಿ ಮೀರಿದರೆ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಡಿ ಇಪ್ಪತ್ತು ಸಾವಿರ ರೂಪಾಯಿ ದಂಡ. ಭಾರ ಹೆಚ್ಚಾದರೆ ಟನ್ನಿಗೆ ಮತ್ತೆರಡು ಸಾವಿರ. ಗಾಳಿಯಂತ್ರದ ಕಂಬದ ಒಂದು ತುಂಡಿನ ವ್ಯಾಸವೇ ನಾಲ್ಕು ಮೀಟರಿಗೆ ಮಿಕ್ಕಿದ್ದು. ಅದನ್ನು ಕೊಯ್ದು ಸಣ್ಣದು ಮಾಡಲು ಬರುವುದಿಲ್ಲವಾದ್ದರಿಂದ ವಿಶೇಷ ಪರವಾನಗಿ. ರಾಷ್ಟ್ರೀಯ ಹೆದ್ದಾರಿಗೆ ದಿಲ್ಲಿಯ ಸಚಿವಾಲಯದ್ದು, ಕಂಪ್ಯೂಟರಿನಲ್ಲೇ ಸಿಗುತ್ತದೆ. ಉಳಿದ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ, ಪಂಚಾಯತಿ. ರೈಲು ಗೇಟು ಬಂದರೆ ರೈಲ್ವೆ. ತಂತಿ ಬಂದರೆ ವಿದ್ಯುತ್ ಕಂಪನಿ, ನಮ್ಮ ಜನರ ಬಾಯಲ್ಲಿ ಈಗಲೂ ಕೆಇಬಿ. ಊರ ಒಳಗೆ ಬಂದರೆ ಪೊಲೀಸು. ಇಷ್ಟು ಬಾಗಿಲು ತಟ್ಟಿ ಬಂದ ಗಾಡಿ ನಮ್ಮ ಶಾಲೆಯ ಮೂಲೆಗೆ ಬಂದು ನಿಂತು ನನ್ನ ಬಾಗಿಲನ್ನೂ ತಟ್ಟಿತು.

ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಆಗ ನನಗೆ ಪ್ರಭಾರ. ಗುತ್ತಿಗೆದಾರರ ಕಡೆಯ ತರುಣನೊಬ್ಬ ಬಂದ. ಶುಭ್ರ ಬಟ್ಟೆ, ಬಹಳ ಮರ್ಯಾದೆ. ಮೂಲೆ ಬಹಳ ಇಕ್ಕಟ್ಟು, ರೆಕ್ಕೆಯ ಬಾಲ ಹೊರಳಲು ಶಾಲೆಯ ಮೈದಾನದ ಮೇಲೆ ಹಾದು ಹೋಗಬೇಕು, ಗೋಡೆ ಸ್ವಲ್ಪ ತೆಗೆಯಬೇಕು, ಎರಡು ಬೇವಿನ ಮರದ ಟೊಂಗೆ ಕಡಿಯಬೇಕು ಎಂದ. ಪ್ರತಿಯಾಗಿ ಮಕ್ಕಳಿಗೆ ನೀರಿನ ಫಿಲ್ಟರು. ಆಡಳಿತ ಮಂಡಳಿಯವರು ಫೋನಿನಲ್ಲೇ ಹ್ಞೂಂ ಅಂದರು. ಅವನು ಟೈಪು ಮಾಡಿಸಿಯೇ ತಂದಿದ್ದ 'ನಿರಾಕ್ಷೇಪಣಾ ಪತ್ರ'ಕ್ಕೆ ನಾನು ಸಹಿ ಮಾಡಿ ಶಾಲೆಯ ಮೊಹರು ಒತ್ತಿದೆ. ಗೋಡೆ ಯಾವಾಗ ಕಟ್ಟಿಕೊಡುತ್ತೀರಿ ಎಂದು ಕೇಳಿದೆ, ಅದನ್ನು ಬರೆಸಿಕೊಂಡೆ. ಬೇವಿನ ಮರ ಬುಡಸಹಿತ ಹೋಗಬಾರದು ಎಂದೆ. ಜಾಣೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮೂಲೆಯಲ್ಲಿ ರಸ್ತೆಗೆ ಅಡ್ಡವಾಗಿ ಹೋಗಿದ್ದ ತಂತಿಯ ವಿಷಯ ನನ್ನ ತಲೆಗೇ ಬರಲಿಲ್ಲ. ದಿನಾ ಅದರ ಕೆಳಗೇ ನಡೆದು ಶಾಲೆಗೆ ಬರುವವಳು ನಾನು.

ಡಿಸೆಂಬರಿನ ಒಂದು ರಾತ್ರಿ. ರೆಕ್ಕೆಗಳೆಲ್ಲ ಹೋಗಿಯಾಗಿತ್ತು, ಕಂಬದ ತುಂಡುಗಳ ಸರದಿ. ಊರಿನ ಓಡಾಟಕ್ಕೆ ತೊಂದರೆಯಾಗಬಾರದೆಂದು ರಾತ್ರಿ ಹತ್ತರ ಮೇಲೆ ಹೋಗಬೇಕೆಂದು ಪೊಲೀಸರ ಕಾಗದ. ಹತ್ತರಿಂದ ಹನ್ನೆರಡರ ತನಕ ಲೈನು ಬಂದು ಮಾಡಲು ವಿದ್ಯುತ್ ಕಂಪನಿಯ ಕಾಗದ. ಇದಕ್ಕೆ ಅವರು 'ಎಲ್.ಸಿ.' ಎನ್ನುತ್ತಾರೆ, ಲೈನ್ ಕ್ಲಿಯರ್. ರಸ್ತೆಯ ಕಾಗದದಲ್ಲಿ ಏಳು ದಿನದ ಅವಧಿ. ಯಾವ ದಿನ, ಎಷ್ಟು ಗಂಟೆ ಎಂಬುದು ಅದರಲ್ಲಿ ಇಲ್ಲ. ಮೂರು ಕಾಗದಗಳೂ ಸರಿಯಾಗಿದ್ದವು. ಮೂರು ಅಂದೆನೇ? ನಾಲ್ಕು. ನಾಲ್ಕನೆಯದು ನನ್ನದು.

ಊರಿಗೆ ಎಂಟು ಕಿಲೋಮೀಟರ್ ಇರುವಾಗ ಗಾಡಿಯ ಟಯರು ಒಡೆಯಿತು. ಅಷ್ಟು ಚಕ್ರಗಳಲ್ಲಿ ಒಂದು ಒಡೆದರೆ ದೊಡ್ಡ ಮಾತಲ್ಲ, ಆದರೆ ಬದಲಿಸಲು ಹೊತ್ತು ಬೇಕು. ಇತ್ತ ಹನ್ನೆರಡಾಯಿತು. ಈ ಭಾಗದಲ್ಲಿ ರೈತರ ಪಂಪಿಗೆ ತ್ರೀಫೇಸ್ ಕರೆಂಟು ಬರುವುದೇ ಹೆಚ್ಚಾಗಿ ರಾತ್ರಿ. ಹೊಲದಲ್ಲಿ ಟಾರ್ಚು ಹಿಡಿದು ಕುಳಿತವರೆಲ್ಲ ಲೈನ್‌ಮನ್ನನ ಫೋನಿಗೆ ಮುಗಿಬಿದ್ದರು. ಅವನು ಕಾಗದ ನೋಡಿದ, ಗಡಿಯಾರ ನೋಡಿದ, ಕಾಲು ಗಂಟೆ ಹೆಚ್ಚೇ ಕಾದ, ಲೈನು ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಾಗದದಲ್ಲಿ ಇದ್ದದ್ದನ್ನೇ ಮಾಡಿದ. ಅವನು ತಿಳಿಸಬೇಕಾದ ಮೇಲ್ವಿಚಾರಕ ಜೀಪಿನಲ್ಲಿ ಮುಂದಿನ ಊರಿಗೆ ಹೋಗಿದ್ದ, ಫೋನು ಹತ್ತಲಿಲ್ಲವಂತೆ.

ಗಾಡಿ ಶಾಲೆಯ ಮೂಲೆಗೆ ಬಂದಾಗ ಒಂದೂ ಮುಕ್ಕಾಲು. ಕಂಬದ ತುಂಡಿನ ನೆತ್ತಿಯ ಮೇಲೆ ಬಿದಿರಿನ ಗಳ ಹಿಡಿದು ತಂತಿ ಎತ್ತಲು ಒಬ್ಬ ಹುಡುಗ ಇರುತ್ತಾನೆ. ನೀವು ಹೆದ್ದಾರಿಯಲ್ಲಿ ಕಂಡಿರಬಹುದು. ದೂರದಿಂದ ಆನೆಯ ಮೇಲೆ ಮಾವುತ ಕುಳಿತ ಹಾಗೆ ಚೆಂದ ಕಾಣಿಸುತ್ತದೆ. ಮಂಜು ಬಿದ್ದು ಬಿದಿರು ತೊಯ್ದಿತ್ತು. ತಂತಿ ಹನ್ನೊಂದು ಸಾವಿರ ವೋಲ್ಟಿನದು.

ಅವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯಲಾರೆ. ಭೂಪಟದಲ್ಲಿ ನದಿಗಳನ್ನು ಗುರುತಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕೃಷ್ಣೆಯನ್ನು ಮಹಾಬಳೇಶ್ವರದಿಂದ ಹಂಸಲದೀವಿಯ ತನಕ ಕಣ್ಣು ಮುಚ್ಚಿ ಎಳೆಯುತ್ತಿದ್ದ. ಗಣಿತದಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟ. ಗಾಡಿ ಕೆಲಸಕ್ಕೆ ಸೇರಿ ಊರೂರು ನೋಡುತ್ತೇನೆ ಅಕ್ಕೋರ ಎಂದು ಬಂದು ಕಾಲಿಗೆ ಬಿದ್ದು ಹೋಗಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ನಾಲ್ಕನೆಯ ದಿನ ನೋಡಲು ಹೋದೆ. ನನ್ನನ್ನು ಕಂಡು ಏಳಲು ಹೋದ.

"ಲೈನ್ ಬಂದ್ ಐತಿ ಅಂದ್ರರೀ ಅಕ್ಕೋರ."

"ಯಾರಪ್ಪಾ ಅಂದದ್ದು?"

ಬಹಳ ಹೊತ್ತು ಯೋಚಿಸಿದ. "ಎಲ್ಲಾರೂ ಅಂದ್ರರೀ."

ಈ "ಎಲ್ಲಾರೂ" ಯಾರು ಎಂದು ಹುಡುಕಿಕೊಂಡು ನಾನು ಒಂದು ವರ್ಷ ತಿರುಗಿದೆ. ಅವನ ತಾಯಿಗೆ ಓದು ಬಾರದು, ಅರ್ಜಿ ಬರೆಯುವವಳು ನಾನೇ ಆದೆ. ಒಂದು ಕಚೇರಿಯವರು ನಮ್ಮ ಅನುಮತಿ ರಸ್ತೆಗೆ ಮಾತ್ರ, ತಂತಿಗಲ್ಲ ಎಂದರು. ಇನ್ನೊಂದು ಕಚೇರಿಯವರು ನಾವು ಕೊಟ್ಟ ಅವಧಿ ಮುಗಿದ ಮೇಲೆ ಆದದ್ದು ಎಂದರು. ಮತ್ತೊಬ್ಬರು ಸಂಚಾರ ಸುಗಮವಾಗಿತ್ತಲ್ಲ ಎಂದರು. ಗುತ್ತಿಗೆದಾರ ಹುಡುಗ ತನ್ನ ಹಾಜರಿ ಪುಸ್ತಕದಲ್ಲೇ ಇಲ್ಲ, ಉಪಗುತ್ತಿಗೆಯವನನ್ನು ಕೇಳಿ ಎಂದ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆ ಈ ಉಪಗುತ್ತಿಗೆಯ ಆಟವನ್ನು ಒಪ್ಪುವುದಿಲ್ಲ, ಕೆಲಸ ಯಾರದೋ ಅವರೇ ಹೊಣೆ ಎನ್ನುತ್ತದೆ. ಗದಗಿನ ವಕೀಲರೊಬ್ಬರು ಫೀಸು ತೆಗೆದುಕೊಳ್ಳದೆ ಅದನ್ನು ತಿಳಿಸಿ ದಾವೆ ಹಾಕಿಸಿದರು. ದಾವೆ ನಡೆಯುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ಇಲ್ಲಿ ಜ್ವರವೂ ಬರೆಯೂ ಒಬ್ಬನಿಗೇ.

ಅಷ್ಟರಲ್ಲಿ ಆ ಪರವಾನಗಿ ಪತ್ರದ ಝೆರಾಕ್ಸು ನನ್ನ ಕೈಗೆ ಬಂತು. ಪುಲ್ಲರಿನ ಚಾಲಕನೇ ಕೊಟ್ಟ, ಪ್ಲಾಸ್ಟಿಕ್ ಕವರಿನಿಂದ ತೆಗೆದು. ಷರತ್ತುಗಳನ್ನು ಓದಿದೆ. ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ. ಮುಂದೊಂದು ಹಿಂದೊಂದು ಪೈಲಟ್ ಗಾಡಿ. ಸೇತುವೆಯ ಮೇಲೆ ನಡುಮಧ್ಯದಲ್ಲಿ ಮೆಲ್ಲಗೆ ಹೋಗಬೇಕು, ನಿಲ್ಲಬಾರದು, ಬ್ರೇಕು ಹಾಕಬಾರದು, ಆ ಹೊತ್ತಿಗೆ ಸೇತುವೆಯ ಮೇಲೆ ಬೇರೆ ಗಾಡಿ ಇರಬಾರದು. ಎಲ್ಲ ಒಳ್ಳೆಯ ಮಾತೇ. ಕೊನೆಗೆ ಒಂದು ಸಾಲು: ಯಾವುದೇ ಹಾನಿಗೆ ಅರ್ಜಿದಾರರೇ ಸಂಪೂರ್ಣ ಹೊಣೆ. ಇಡೀ ಪತ್ರದ ಜೀವ ಇರುವುದು ಆ ಸಾಲಿನಲ್ಲಿ. ಮೇಲಿನ ಹದಿನೈದು ಷರತ್ತುಗಳೂ ಅದಕ್ಕೆ ಪೀಠಿಕೆ. ಗಾಡಿ ಸುರಕ್ಷಿತವಾಗಿ ಹೋಗಲಿ ಎಂದು ಬರೆದ ಪತ್ರ ಹೀಗಿರುವುದಿಲ್ಲ, ಹೋಗದಿದ್ದರೆ ನನ್ನನ್ನು ಕೇಳಬೇಡಿ ಎಂದು ಬರೆದ ಪತ್ರ ಹೀಗಿರುತ್ತದೆ. ಸಹಿ ಮಾಡಿದವರು ಆ ಸೇತುವೆಯ ಮೇಲೆ ಆ ಹೊತ್ತಿಗೆ ಬೇರೆ ಗಾಡಿ ಬಾರದಂತೆ ತಡೆಯಲು ಯಾರನ್ನು ನಿಲ್ಲಿಸಿದ್ದರು? ಅದು ಅರ್ಜಿದಾರರ ಕೆಲಸ. ಅರ್ಜಿದಾರರು ಯಾರನ್ನು ನಿಲ್ಲಿಸಿದ್ದರು? ಕೆಂಪು ಬಾವುಟ ಹಿಡಿದ ಇನ್ನೊಬ್ಬ ಹುಡುಗನನ್ನು.

ಈಗ ಲೆಕ್ಕಕ್ಕೆ ಬರೋಣ. ರಸ್ತೆಗೆ ಅಡ್ಡ ಹಾಯುವ ತಂತಿ ನೆಲದಿಂದ ಎಷ್ಟು ಎತ್ತರ ಇರಬೇಕೆಂದು ನಿಯಮವಿದೆ: ಮನೆಗೆ ಹೋಗುವ ಕಡಿಮೆ ಒತ್ತಡದ ತಂತಿ 5.8 ಮೀಟರ್, ಹನ್ನೊಂದು ಸಾವಿರ ವೋಲ್ಟಿನದು 6.1 ಮೀಟರ್. ಕಂಬದ ತುಂಡು ಮತ್ತು ಗಾಡಿಯ ಹಾಸು ಸೇರಿ ಆ ರಾತ್ರಿಯ ಎತ್ತರ 5.4 ಮೀಟರ್ ಎಂದು ಪತ್ರದಲ್ಲೇ ಇತ್ತು. 6.1ರಲ್ಲಿ 5.4 ಕಳೆದರೆ 0.7, ಎರಡು ಅಡಿಗೂ ಮೇಲೆ ಜಾಗ. ಕಾಗದದ ಮೇಲೆ ತಂತಿ ಎತ್ತಲು ಹುಡುಗನೇ ಬೇಕಾಗಿಲ್ಲ! ಆದರೆ ನಮ್ಮ ಮೂಲೆಯ ತಂತಿ ಎಷ್ಟೋ ವರ್ಷಗಳಿಂದ ಜೋತು ಬಿದ್ದಿದೆ. ತಂತಿ ಬಿಸಿಗೆ ಹಿಗ್ಗುತ್ತದೆ, ಕಂಬ ವಾಲುತ್ತದೆ. ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ: ತಂತಿ ಕೆಳಗೆ ಬರುತ್ತಿರುವ ಹೊತ್ತಿಗೇ ರಸ್ತೆ ಮೇಲೆ ಹೋಗುತ್ತಿರುತ್ತದೆ. ನಾನು ಬಂದ ಮೇಲೆ ಆ ರಸ್ತೆಗೆ ನಾಲ್ಕು ಸಲ ಡಾಂಬರು ಬಿದ್ದಿದೆ, ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಶಾಲೆಯ ಗೇಟಿಗೆ ಈಗ ಒಂದೇ ಮೆಟ್ಟಿಲು ಉಳಿದಿದೆ. ಆ ಮೆಟ್ಟಿಲುಗಳನ್ನು ಎಣಿಸಿದ್ದರೆ ಸಾಕಿತ್ತು.

ರೂಟ್ ಸರ್ವೆ ಮಾಡಿದ್ದಾರೆ ಎನ್ನುತ್ತಾರೆ. ಮಾಡಿದ್ದೂ ನಿಜ, ಜೀಪಿನಲ್ಲಿ ಗುರುತು ಹಾಕಿದ ಗಳ ಹಿಡಿದು ಹೋದದ್ದನ್ನು ನಾನೇ ನೋಡಿದ್ದೇನೆ. ಆ ಸರ್ವೆ ಮಾಡಿದವನು ಗುತ್ತಿಗೆದಾರನ ಸಂಬಳದವನು. ಅವನ ವರದಿಯ ಮೇಲೆ ಅನುಮತಿ ಕೊಟ್ಟವರು ತಂತಿಯ ಕೆಳಗೆ ಬಂದು ನಿಂತದ್ದನ್ನು ಮಾತ್ರ ನಾನು ನೋಡಲಿಲ್ಲ. ನಮ್ಮಲ್ಲಿ ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಅವನಿಂದಲೇ ತಿದ್ದಿಸುವ ಪದ್ಧತಿ ಇಲ್ಲ.

ಇದು ನಮ್ಮ ಊರೊಂದರ ಗೋಳಲ್ಲ. 2022ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ಇಟಾರ್ಸಿಯ ಹತ್ತಿರ ಸುಖ್ತವಾ ನದಿಯ ಮೇಲೆ ಬ್ರಿಟಿಷರ ಕಾಲದ ಸೇತುವೆ ಒಂದು ಟ್ರೈಲರಿನ ಕೆಳಗೆ ಕುಸಿಯಿತು. 138 ಚಕ್ರದ ಟ್ರೈಲರು, ಅದರ ಮೇಲೆ ಭಾರಿ ಯಂತ್ರ. ನೂರೈವತ್ತು ವರ್ಷ ದಾಟಿದ ಸೇತುವೆಗೆ ಅಂಥ ಭಾರ ತೋರಿಸುವಾಗ ಅದರ ವಯಸ್ಸನ್ನು ಕೇಳಿದವರು ಯಾರು? ನಮ್ಮ ದೇಶದಲ್ಲಿ ಸೇತುವೆಗೆ ಎಷ್ಟು ಭಾರ ಲೆಕ್ಕ ಹಿಡಿಯಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕವಿದೆ. ಈಚಿನ ವರ್ಷಗಳಲ್ಲಿ 385 ಟನ್ನಿನ ವಿಶೇಷ ವಾಹನವನ್ನೂ ಅದರಲ್ಲಿ ಸೇರಿಸಿದ್ದಾರೆ, ನಡುವಿನಲ್ಲಿ ಒಂಟಿಯಾಗಿ ತೆವಳಿಕೊಂಡು ಹೋಗಬೇಕು ಎಂಬ ಕಟ್ಟಳೆಯೊಂದಿಗೆ. ಹೊಸ ಸೇತುವೆಗೆ ಅದು ಸರಿ. ಪುಸ್ತಕ ಬರುವ ಮೊದಲೇ ಹುಟ್ಟಿದ ಸೇತುವೆ ಆ ಪುಸ್ತಕವನ್ನು ಓದಿರುವುದಿಲ್ಲ.

ಬೆಂಗಳೂರಿನವರಿಗೆ ಈಜಿಪುರದ ವಿಷ್ಣು ನೆನಪಿರಬೇಕು. ತಮಿಳುನಾಡಿನ ವಂದವಾಸಿಯ ಹತ್ತಿರದ ಕೊರಕೋಟೈಯಿಂದ ಮುನ್ನೂರು ಟನ್ನಿಗೂ ಮೀರಿದ ಕಲ್ಲು, 240 ಚಕ್ರದ ಗಾಡಿ. 2018ರ ಡಿಸೆಂಬರಿನಲ್ಲಿ ಹೊರಟದ್ದು ಈಜಿಪುರ ಮುಟ್ಟಿದ್ದು 2019ರ ಜೂನಿನಲ್ಲಿ. ನಡುವೆ ಜಿಂಜಿಯಲ್ಲಿ ದಾರಿಯ ಮನೆ ಅಂಗಡಿಗಳ ಮುಂಭಾಗ ಕೆಡವಬೇಕಾಯಿತು. ಸೇತುವೆ ತಾಳದು ಎಂದು ನದಿಯಲ್ಲೇ ಮಣ್ಣಿನ ದಾರಿ ಹಾಕಬೇಕಾಯಿತು. ಜನ ಕೈಮುಗಿದರು, ಟಯರುಗಳು ಒಡೆದವು, ಪತ್ರಿಕೆಗಳು ದಿನಾ ಬರೆದವು. ಭಕ್ತಿಯ ಮಾತು ಬೇರೆ, ನಾನು ಅದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಜಿಂಜಿಯ ಬೀದಿಯ ಅಗಲ ಗಾಡಿ ಜಿಂಜಿಗೆ ಬಂದ ದಿನ ಕಿರಿದಾದದ್ದಲ್ಲವಷ್ಟೇ? ಹೊರಡುವ ಮೊದಲೇ ಟೇಪು ಹಿಡಿದು ಅಳೆಯಬಹುದಾದ ಸಂಗತಿಯನ್ನು ನಾವು ಹೊರಟ ಮೇಲೆ ಚಕ್ರದಿಂದ ಅಳೆಯುತ್ತೇವೆ.

ನಾನು ಹೀಗೆ ಮಾತಾಡಿದರೆ ನಮ್ಮ ಸ್ಟಾಫ್ ರೂಮಿನಲ್ಲೇ ಇಬ್ಬರು ಎದ್ದು ನಿಲ್ಲುತ್ತಾರೆ. ವಿಜ್ಞಾನದ ಮಾಸ್ತರರು, "ಹಿಂಗ ಪ್ರತಿಯೊಂದಕ್ಕೂ ಅಡ್ಡಗಾಲು ಹಾಕಿದ್ರ ಕರೆಂಟು ಎಲ್ಲಿಂದ ಬರಬೇಕ್ರೀ ಮೇಡಂ? ಕಲ್ಲಿದ್ದಲ ಸುಡೂಣೇನು?" ಎನ್ನುತ್ತಾರೆ. ಗಾಳಿಯಂತ್ರ ಬೇಡವೆಂದು ನಾನು ಎಲ್ಲಿ ಹೇಳಿದೆ? ಮನೆಯಲ್ಲಿ ನನಗೂ ಮಿಕ್ಸರು ತಿರುಗಬೇಕು. ನೂರಾರು ಕೋಟಿಯ ಯೋಜನೆಯಲ್ಲಿ ಒಬ್ಬ ಲೈನ್‌ಮನ್ನನಿಗೆ ಗಾಡಿಯ ಜೊತೆ ಜೊತೆಯಲ್ಲಿ ನಡೆಯಲು ಒಂದು ರಾತ್ರಿಯ ಭತ್ಯೆ ಕೊಟ್ಟರೆ ಯೋಜನೆ ಮುಳುಗುತ್ತದೆ ಎನ್ನುವವರಿಗೆ ಮಾತ್ರ ನನ್ನ ವಿರೋಧ.

ಇನ್ನೊಬ್ಬರ ವಾದ ಬೇರೆ. ಕಂಪನಿಯವರನ್ನು ಸುಮ್ಮನೆ ಬಿಡಬಾರದು, ಹಳ್ಳಿ ಹಳ್ಳಿಯಲ್ಲೂ ಗಾಡಿ ತಡೆಯಬೇಕು ಎನ್ನುತ್ತಾರೆ. ಈ ತಡೆಯುವ ಕೆಲಸವನ್ನೂ ನಾನು ಕಂಡಿದ್ದೇನೆ. ನಮ್ಮ ಊರ ಹಿರಿಯರು ಎರಡು ಸಲ ತಡೆದರು. ಎರಡು ಸಲವೂ ಜಾತ್ರೆಗೆ ದೇಣಿಗೆ ಬಂತು, ಗಾಡಿ ಹೋಯಿತು. ತಂತಿ ಎಷ್ಟು ಎತ್ತರ ಎಂದು ಆ ಗದ್ದಲದಲ್ಲಿ ಒಬ್ಬರೂ ಕೇಳಲಿಲ್ಲ. ಫಿಲ್ಟರು ತೆಗೆದುಕೊಂಡ ನಾನು ಅವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಪುಲ್ಲರಿನ ಚಾಲಕ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: "ಮೇಡಂ, ಊರವರಿಗೂ ಕೊಡಬೇಕು, ಗಡಿಯಲ್ಲೂ ಕೊಡಬೇಕು. ಎಲ್ಲರಿಗೂ ಕೊಟ್ಟು ತಡ ಆದ ಮೇಲೆ ಮಾಲೀಕರು ಯಾಕೆ ತಡ ಅಂತ ನನಗೆ ಬಯ್ಯುತ್ತಾರೆ." ಅವನು ಆ ರಾತ್ರಿಯ ಟಯರಿನ ನಾಲ್ಕು ವಾರದ ಹಿಂದೆಯೇ ಹೊಸ ಟಯರು ಕೇಳಿದ್ದನಂತೆ.

ಹಾಗಾದರೆ ಏನಾಗಬೇಕು ಎಂದು ಕೇಳುವಿರಿ. ದೊಡ್ಡ ಸಮಿತಿ ಬೇಡ. ನಾನು ವಾರಕ್ಕೊಮ್ಮೆ ಗದಗಿಗೆ ಹೋಗುವಾಗ ರೈಲು ಗೇಟಿನಲ್ಲಿ ಕಾಯುತ್ತೇನೆ. ಗೇಟ್‌ಮನ್ ಗಡಿಯಾರ ನೋಡಿ ಗೇಟು ತೆಗೆಯುವುದಿಲ್ಲ. ರೈಲು ಅರ್ಧ ಗಂಟೆ ತಡವಾದರೆ ನಾವು ಹಾರ್ನು ಬಾರಿಸಿ ಬಯ್ದುಕೊಂಡು ಕಾಯಬೇಕಾದದ್ದೇ. ರೈಲು ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವನು ತೆಗೆಯುವುದು. 'ಲೈನ್ ಕ್ಲಿಯರ್' ಎಂಬ ಮಾತನ್ನು ನಾನು ಮೊದಲು ಕೇಳಿದ್ದೂ ರೈಲಿನವರ ಬಾಯಲ್ಲೇ. ಓಡಿಸಿ ಗಾಡಿಗೆ ಅದೇ ನಿಯಮ ಏಕಿಲ್ಲ? ಗಾಡಿ ದಾಟಿತು ಎಂದು ದಾಟಿಸಿದವನೇ ಬರೆದುಕೊಡುವ ತನಕ ಲೈನು ಕೊಡಕೂಡದು. ಲೈನು ಬಂದಾಗಿದೆ ಎಂದು ಬಂದು ಮಾಡಿದವನೇ ಎದುರಿಗೆ ನಿಂತು ಹೇಳುವ ತನಕ ಯಾರೂ ಮೇಲೆ ಹತ್ತಕೂಡದು. ಪಂಪಿನ ರೈತರಿಗೆ ಅದಕ್ಕೆ ಬದಲಾಗಿ ಹಗಲು ಎರಡು ಗಂಟೆ ಕರೆಂಟು ಕೊಡಲಿ, ಅದರ ಖರ್ಚು ಸರಕಿನ ಮಾಲೀಕರದು. ಪ್ರಯಾಣ ಒಂದಾದರೆ ವೇಳಾಪಟ್ಟಿಯೂ ಒಂದೇ ಇರಲಿ. ರಸ್ತೆಯವರು, ಪೊಲೀಸರು, ವಿದ್ಯುತ್ತಿನವರು, ನನ್ನಂಥ ಮೊಹರಿನವರು ಎಲ್ಲರೂ ಅದರ ಮೇಲೇ ಸಹಿ ಮಾಡಲಿ. ಅದರ ಒಂದು ಪ್ರತಿ ಎಂಟು ದಿನ ಮೊದಲು ಪಂಚಾಯತಿಯ ಫಲಕದ ಮೇಲೆ, ಕನ್ನಡದಲ್ಲಿ, ಅಂಟಲಿ. ನಮ್ಮ ಊರಿನಲ್ಲಿ ಯಾರು ಓದದಿದ್ದರೂ ಆ ತಂತಿ ಜೋತು ಬಿದ್ದದ್ದು ಗೊತ್ತಿದ್ದ ಇಬ್ಬರು ಮುದುಕರು ಓದುತ್ತಿದ್ದರು. ಜೋಳದ ಕಣಿಕೆ ಹೇರಿದ ಗಾಡಿಯನ್ನು ಆ ಮೂಲೆಯಲ್ಲಿ ಬಗ್ಗಿಸಿಕೊಂಡು ದಾಟಿಸುತ್ತಿದ್ದವರು ಅವರು.

ಆ ಹುಡುಗ ಈಗ ಬಸ್ ನಿಲ್ದಾಣದ ಹತ್ತಿರ ಅವನ ಮಾವನ ಅಂಗಡಿಯಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡುತ್ತಾನೆ. ಎಡಗೈಯಲ್ಲಿ ಬರೆಯುವುದನ್ನು ನನ್ನ ಮನೆಗೆ ಬಂದು ಕಲಿತ. ಅಕ್ಷರ ನನ್ನ ಮೊದಲನೆಯ ತರಗತಿಯ ಮೊಮ್ಮಗನ ಅಕ್ಷರದಷ್ಟೇ ದೊಡ್ಡದು.

ಹೋದ ತಿಂಗಳು ಮತ್ತೊಬ್ಬ ತರುಣ ಬಂದ. ಬೇರೆ ಕಂಪನಿ, ಅದೇ ಮರ್ಯಾದೆ, ಹೇಗೂ ಗೋಡೆ ಇಲ್ಲವಲ್ಲ ಮೇಡಂ, ಬರೀ ಒಂದು ಸಹಿ ಎಂದ. ಈ ಸಲ ಫಿಲ್ಟರಿನ ಬದಲು ಡೆಸ್ಕು. ನಾನು ಎತ್ತರ ಕೇಳಿದೆ, ಹೇಳಿದ. ನಮ್ಮ ತಂತಿಯ ಎತ್ತರ ಕೇಳಿದೆ, ಸರ್ವೆ ವರದಿಯಲ್ಲಿದೆ ಎಂದ. ಎಲ್.ಸಿ. ಎಷ್ಟರಿಂದ ಎಷ್ಟರ ತನಕ, ತಡವಾದರೆ ಲೈನ್‌ಮನ್ನನಿಗೆ ಯಾರು ಹೇಳುವವರು, ಮೇಲೆ ಹತ್ತುವವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ ಎಂದು ಕೇಳಿದೆ. "ಅದೆಲ್ಲ ನಮ್ಮ ಸೆಕ್ಷನ್ ಅಲ್ಲ ಮೇಡಂ" ಎಂದ. ಕಾಗದವನ್ನು ಇಟ್ಟು ಹೋಗು, ಈ ನಾಲ್ಕರ ಉತ್ತರ ಬರೆಸಿಕೊಂಡು ಬಾ ಎಂದೆ. ಅವನು ಎರಡು ಸಲ ಫೋನು ಮಾಡಿದ. ಆಡಳಿತ ಮಂಡಳಿಯಿಂದ ಒಂದು ಸಲ ಬಂತು. ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ, ಅದರ ಮೇಲೆ ಮೊಹರಿನ ಡಬ್ಬಿ ಇಟ್ಟು ಬೀಗ ಹಾಕಿದ್ದೇನೆ.